ಸೈರನ್ ಇಳಿಸಿದ ಮೇಲೆ

ಬಂಡೀಪುರದ ಕಾಡಿನೊಳಗಿಂದ ಊಟಿ, ವಯನಾಡಿನ ಕಡೆ ಹೋಗುವ ರಸ್ತೆಗಳು 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತವೆ, ಬೆಳಿಗ್ಗೆ ಆರಕ್ಕೆ ತೆರೆಯುತ್ತವೆ. ನಡುವಿನ ಹೊತ್ತಿನಲ್ಲಿ ಗೇಟು ಎತ್ತಿಸಿಕೊಂಡು ಹೋಗಬಲ್ಲ ಕೆಲವೇ ವಾಹನಗಳಲ್ಲಿ ಆಂಬುಲೆನ್ಸ್ ಒಂದು. ಅದೇ ಗಾಡಿ ಆಸ್ಪತ್ರೆಯ ಕೆಲಸ ಮುಗಿಸಿ, ಒಳಗೆ ಮಂಚ, ಒಲೆ ಕೂರಿಸಿಕೊಂಡು ಊರು ಸುತ್ತಲು ಹೊರಟ ದಿನ ಉಳಿದ ಕಾರು, ಲಾರಿಗಳ ಜತೆ ಸಾಲಿನಲ್ಲಿ ನಿಂತು ಬೆಳಗಾಗುವುದನ್ನು ಕಾಯಬೇಕು. ಹಳೆ ಆಂಬುಲೆನ್ಸ್ ಕೊಂಡು ಪ್ರವಾಸದ ಗಾಡಿ ಮಾಡಿಕೊಳ್ಳುವ ಆಸೆಯಿಂದ ಸಲಹೆ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆ ಗಾಡಿಯ ಗಟ್ಟಿತನ ನಿಮ್ಮದಾಗುತ್ತದೆ, ಅದರ ಹಕ್ಕು ನಿಮ್ಮದಾಗುವುದಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಹಾಕುವ ಕಲಂ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿತು. ಆದರೆ ರಸ್ತೆಯಲ್ಲಿ ಜನ ಪಕ್ಕಕ್ಕೆ ಸರಿಯುವುದು ದಂಡದ ಭಯಕ್ಕಲ್ಲ. ಒಳಗೆ ಯಾರದೋ ಜೀವ ಇದೆ ಎಂಬ ನಂಬಿಕೆಗೆ. ಆ ನಂಬಿಕೆಯನ್ನು ಒಬ್ಬ ಪ್ರವಾಸಿ ತನ್ನ ಅನುಕೂಲಕ್ಕೆ ಬಳಸಿಕೊಂಡರೆ, ಮುಂದೆ ನಿಜವಾದ ರೋಗಿಯನ್ನು ಹೊತ್ತ ಗಾಡಿಗೆ ದಾರಿ ತಡವಾಗಿ ಸಿಗುತ್ತದೆ. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಕಳಚುವುದರಿಂದ: ಸೈರನ್, ಅದರ ಆಂಪ್ಲಿಫೈಯರ್, ಮಾಡಿನ ನೀಲಿ ದೀಪ, ಮುಂದಿನ ಗಾಡಿಯ ಕನ್ನಡಿಯಲ್ಲಿ ನೇರ ಕಾಣಲೆಂದು ಬಾನೆಟ್ ಮೇಲೆ ತಿರುವುಮುರುವಾಗಿ ಬರೆದ ಅಕ್ಷರ, ಸುತ್ತಲಿನ ಹೊಳೆಯುವ ಪಟ್ಟಿ, ಬಾಗಿಲ ಮೇಲಿನ ಆಸ್ಪತ್ರೆಯ ಹೆಸರು. ಸ್ಟಿಕರ್ ಕಿತ್ತರೂ ಬಿಸಿಲು ತಾಗದ ಬಣ್ಣ ಅದರಡಿಯಲ್ಲಿ ಹೊಸದಾಗಿಯೇ ಉಳಿದು ಅಕ್ಷರಗಳು ಓದುವಷ್ಟು ಕಾಣುತ್ತವೆ. ಪೂರ್ತಿ ಬಣ್ಣ ಹೊಡೆಸುವುದೇ ಸರಿ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು ಎಂಬುದು ನೆನಪಿರಲಿ.

ನಾವು ಕೊಂಡ ಗಾಡಿ ಈ ಕಳಚುವಿಕೆಗೆ ಒಳಗಾದದ್ದು ಕೆಂಗಲ್ ಹತ್ತಿರದ ಒಂದು ಶೆಡ್ಡಿನಲ್ಲಿ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಆಂಜನೇಯನ ಗುಡಿ ಮತ್ತು ಸಂಕ್ರಾಂತಿ ಹೊತ್ತಿನ ದನಗಳ ಜಾತ್ರೆಯಿಂದ ಹೆಸರಾದ ಊರು ಅದು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ, ಅದು ಎರಡೂ ಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋದ ಮೇಲೆ ಕೆಂಗಲ್ ಹಳೆ ರಸ್ತೆಯ ಪಾಲಿಗೆ ಉಳಿಯಿತು. ಆತುರದವರು ಮೇಲಿನ ರಸ್ತೆ ಹಿಡಿದರು. ಬೈಕು, ಆಟೊ, ಟ್ರ್ಯಾಕ್ಟರು, ನಿಧಾನವಾಗಿ ಹೋಗುವವರು, ರಿಪೇರಿಗೆ ನಿಲ್ಲಿಸುವವರು ಇಲ್ಲೇ ಇದ್ದಾರೆ. ಇಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ಒಂದು ಕಡೆ ಬಿಡದಿ. ಟೊಯೋಟ ಕಾರ್ಖಾನೆ ಬಂದಾಗಿನಿಂದ ಗಾಡಿಯ ವೈರಿಂಗು, ವೆಲ್ಡಿಂಗು ಬಲ್ಲ ಹುಡುಗರು ಸುತ್ತಲ ಹಳ್ಳಿಗಳಲ್ಲೇ ಸಿಗುತ್ತಾರೆ. ಇನ್ನೊಂದು ಕಡೆ ಚನ್ನಪಟ್ಟಣ. ಮರವನ್ನು ತಿರುಗಿಸಿ ರೂಪ ಕೊಡುವ ಕೈಗಳ ಊರು.

ಮಾರಾಟಕ್ಕೆ ಬರುವ ಹಳೆ ಆಂಬುಲೆನ್ಸ್‌ಗಳಲ್ಲಿ ನಾನು ಕಂಡ ಹೆಚ್ಚಿನವು ಫೋರ್ಸ್ ಟ್ರಾವೆಲರ್. ನಾವೆಲ್ಲ ಟೆಂಪೋ ಟ್ರಾವೆಲರ್, ಟಿಟಿ ಎನ್ನುವ ಗಾಡಿ. ಇದರ ವಂಶ ಜರ್ಮನಿಯದು. ಮರ್ಸಿಡಿಸ್ ಕಂಪನಿ 1977ರಲ್ಲಿ ಹೊರತಂದ ಟಿ1 ವ್ಯಾನಿನ ವಿನ್ಯಾಸ ಪಡೆದು ಬಜಾಜ್ ಟೆಂಪೋ 1987ರಲ್ಲಿ ಟ್ರಾವೆಲರ್ ತಂದಿತು. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು. ಆ ಟಿ1 ತನ್ನ ನೆಲದಲ್ಲಿ ಆಂಬುಲೆನ್ಸ್ ಆಗಿಯೂ, ಮಲಗುವ ಪ್ರವಾಸದ ಗಾಡಿಯಾಗಿಯೂ ಓಡಿದೆ. ಹಾಗಾಗಿ ಆಸ್ಪತ್ರೆಯ ಗಾಡಿಯನ್ನು ಮನೆ ಮಾಡಿಕೊಳ್ಳುವುದು ಈ ಜಾತಿಯ ವ್ಯಾನಿಗೆ ಹೊಸತೇನಲ್ಲ. ಒಳಗೆ ನೆಟ್ಟಗೆ ನಿಲ್ಲಬಹುದು, ಹಿಂದಿನ ಎರಡು ಬಾಗಿಲು ಪೂರ್ತಿ ತೆರೆಯುತ್ತವೆ, ಬಿಡಿಭಾಗ ಮಳವಳ್ಳಿಯಲ್ಲೂ ಸಿಗುತ್ತದೆ, ಮಡಿಕೇರಿಯಲ್ಲೂ ಸಿಗುತ್ತದೆ. ಕೆಟ್ಟು ನಿಂತಾಗ ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ ಗಾಬರಿಯಾಗದ ಗಾಡಿ ದೂರ ಪ್ರಯಾಣಕ್ಕೆ ದೊಡ್ಡ ಆಸ್ತಿ.

ಯಾವ ಗಾಡಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು, ಅಂದರೆ ಅದರ ಮೊದಲ ಗಾಡಿಗಳಿಗೆ ಹದಿನೈದು ವರ್ಷ ದಾಟಿದೆ. ಸರ್ಕಾರದ ಹೆಸರಿನಲ್ಲಿರುವ 15 ವರ್ಷ ದಾಟಿದ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಅವು ನೋಂದಾಯಿತ ಗುಜರಿ ಘಟಕಕ್ಕೇ ಹೋಗಬೇಕು. ಅಂಥದನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ನಂಬಬೇಡಿ. ನಿಮಗೆ ಸಿಗುವುದು ಖಾಸಗಿ ಆಸ್ಪತ್ರೆ, ಟ್ರಸ್ಟು, ಕಾರ್ಖಾನೆಗಳು ಮಾರುವ ಗಾಡಿ. ಆಂಬುಲೆನ್ಸ್‌ಗಳಿಗೆಂದೇ ರೂಪಿಸಿದ ಎಐಎಸ್–125 ಮಾನದಂಡದಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ ಇವೆ: ಮೊದಲು ತಲುಪಿ ಆರೈಕೆ ಕೊಡುವುದು, ರೋಗಿಯನ್ನು ಸಾಗಿಸುವುದು, ಮೂಲ ಜೀವರಕ್ಷಕ, ಸುಧಾರಿತ ಜೀವರಕ್ಷಕ. ಕೊನೆಯ ಎರಡರಲ್ಲಿ ಕಪಾಟು, ವೈರಿಂಗು, ಇನ್ವರ್ಟರ್, ಹಿಂದಿನ ಎ.ಸಿ. ಹೆಚ್ಚು ಇರುತ್ತವೆ, ಹಾಗೆಯೇ ಮಾಡಿಗೆ ಕೊರೆದ ತೂತುಗಳೂ ಹೆಚ್ಚು.

ಕಾಗದದ ಕೆಲಸ ಬೇಸರ ತರಿಸುತ್ತದೆ, ಆದರೂ ದುಡ್ಡು ಕೊಡುವ ಮೊದಲೇ ಆಗಬೇಕು. ಆರ್‌ಸಿಯಲ್ಲಿ ಆಂಬುಲೆನ್ಸ್ ಎಂದಿರುವ ಗಾಡಿ ಸಾರಿಗೆ ವರ್ಗದ್ದು. ಅದನ್ನು ಖಾಸಗಿ ಬಳಕೆಗೆ ತರಲು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅನುಮತಿ ಇಲ್ಲದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ. ಮಲಗುವ, ಅಡುಗೆ ಮಾಡುವ ವಾಹನಗಳಿಗೆ ಎಐಎಸ್–124 ಎಂಬ ಬೇರೆ ಮಾನದಂಡವೇ ಇದೆ. ಗಾಡಿ ನೋಡಿ ಮನಸೋಲುವ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ಏನು ಮಾಡಬೇಕೆಂದಿದ್ದೀರೋ ಅದನ್ನು ಚಿತ್ರ ಬರೆದು ತೋರಿಸಿ, ಏನೇನು ಬೇಕೆಂದು ಬರಹದಲ್ಲಿ ಕೇಳಿ. ಅಪಘಾತವಾದ ದಿನ ವಿಮೆ ಕಂಪನಿ ಮೊದಲು ನೋಡುವುದು ಆರ್‌ಸಿಗೂ ಎದುರಿಗಿರುವ ಗಾಡಿಗೂ ತಾಳೆಯಾಗುತ್ತದೆಯೇ ಎಂಬುದನ್ನು.

ಇನ್ನು ನೆಲದ ವಿಚಾರ. ಹಳೆ ಆಂಬುಲೆನ್ಸ್ ನೋಡಲು ಹೋದವರು ಎಂಜಿನ್ ಶಬ್ದ ಕೇಳುತ್ತಾರೆ, ಟೈರು ಒದೆಯುತ್ತಾರೆ, ಎ.ಸಿ. ತಣ್ಣಗಿದೆಯೇ ಎಂದು ಕೈ ಹಿಡಿಯುತ್ತಾರೆ. ನಮ್ಮ ಮೆಕ್ಯಾನಿಕ್ ಅಣ್ಣ ಅವೊಂದನ್ನೂ ಮಾಡಲಿಲ್ಲ. ನೇರ ಒಳಗೆ ಹೋಗಿ, ಸ್ಟ್ರೆಚರ್ ಜಾರುವ ಹಳಿಯ ಪಕ್ಕ ಮಂಡಿಯೂರಿ, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ಕುಟ್ಟುತ್ತಾ ಬಂದರು. ಟಕ್ ಟಕ್ ಅನ್ನುತ್ತಿದ್ದ ನೆಲ ಹಳಿಯ ತುದಿಯಲ್ಲಿ ಬೊದ್ ಅಂದಿತು. ವಿನೈಲ್ ಹಾಸಿನ ಅಂಚು ಎತ್ತಿದಾಗ ಕೆಳಗಿನ ಪ್ಲೈವುಡ್ ಒದ್ದೆ ಬ್ರೆಡ್ಡಿನಂತೆ ಬೆರಳಿಗೆ ಬಂತು. ಅದರಡಿಯ ತಗಡಿನ ಮೇಲೆ ಕೆಂಪು ತುಕ್ಕು ಅಂಗೈಯಗಲ ಹರಡಿತ್ತು, ನಡುವೆ ಬೆಳಕು ಕಾಣುವ ತೂತು.

ಕಾರಣ ಆಂಬುಲೆನ್ಸಿನ ಕೆಲಸದಲ್ಲೇ ಇದೆ. ಪ್ರತಿ ರೋಗಿಯ ನಂತರ ಒಳಗೆ ತೊಳೆಯುತ್ತಾರೆ, ತೊಳೆಯಲೇಬೇಕು. ಕೋವಿಡ್ ಕಾಲದಲ್ಲಂತೂ ಶೇ 1ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ಒರೆಸಿದರು. ವೈರಾಣುವಿಗೆ ಅದು ಮದ್ದು, ಕಬ್ಬಿಣಕ್ಕೆ ವಿಷ. ನೀರು ಮೇಲಿಂದ ಒಣಗಿತು. ಹಳಿಯ ಬೋಲ್ಟುಗಳ ಸುತ್ತ ಇಳಿದದ್ದು ಒಣಗಲಿಲ್ಲ. ಆದ್ದರಿಂದ ಕೊಂಡ ಮೇಲೆ ಮಂಚ ಎಲ್ಲಿ, ಒಲೆ ಎಲ್ಲಿ ಎಂದು ಯೋಚಿಸುವುದಕ್ಕೆ ಮೊದಲು ನೆಲ ಪೂರ್ತಿ ಎತ್ತಿ. ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಸತ್ತ ತಗಡನ್ನು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಿ, ಪ್ರೈಮರ್ ಹೊಡೆದು, ಕೆಳಗಿನಿಂದಲೂ ಲೇಪ ಕೊಡಿಸಿ, ಆಮೇಲೆ ಮೆರೀನ್ ಪ್ಲೈ ಹಾಕಿಸಿ. ಮಾಡಿನ ದೀಪ ಕಿತ್ತ ತೂತುಗಳನ್ನು ಬರೀ ಸೀಲೆಂಟ್ ಬಳಿದು ಮುಚ್ಚಿದರೆ ಮಲೆನಾಡಿನ ಮೊದಲ ಮಳೆಯಲ್ಲೇ ಹಾಸಿಗೆ ನೆನೆಯುತ್ತದೆ. ತಗಡಿನ ತೇಪೆ ಹಾಕಿ ಬೆಸೆಸಬೇಕು. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಈ ಕೆಲಸಕ್ಕೆ ಹೋಯಿತು, ಅದರ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಶೆಡ್ಡಿನ ಎದುರು ಎಳನೀರು ಮಾರುವ ಅಜ್ಜಿ ದಿನವೂ ಬಂದು ನೋಡಿ ಹೋಗುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: "ಅಲ್ಲ ಕಣಪ್ಪ, ಇದ್ರಲ್ಲಿ ಎಷ್ಟ್ ಜನದ ಜೀವ ಹೋಗೈತೋ ಏನೋ, ಇದ್ರಲ್ಲಿ ಮನಿಕೊಳ್ಳಕ್ಕೆ ಭಯ ಆಗಲ್ವಾ?" ನಾನು ಉತ್ತರ ಹುಡುಕುವಷ್ಟರಲ್ಲಿ ಗಾಡಿಯ ಅಡಿಯಿಂದ ಮೆಕ್ಯಾನಿಕ್ ಅಣ್ಣನ ದನಿ ಬಂತು: "ನನ್ ಮಗಳು ಹುಟ್ಟಿದ್ದು ಇಂಥ ಗಾಡೀಲೇ ಕಣವ್ವ. ಆಸ್ಪತ್ರೆ ಇನ್ನೂ ಎರಡ್ ಮೈಲಿ ಇತ್ತು." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಒಂದ್ ಪೂಜೆ ಮಾಡ್ಸ್ಕೊಂಡ್ ಹೋಗಿ" ಎಂದರು. ಮಾಡಿಸಿದೆವು. ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕೆಂಗಲ್ ಆಂಜನೇಯನ ಎದುರು. ನನ್ನ ತಾಯಿಯೂ ಆಮೇಲೆಯೇ ಗಾಡಿ ಹತ್ತಿದ್ದು. ಜನರ ಈ ಅಳುಕನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ನೋವು ಕಂಡ ಜಾಗವನ್ನು ಗೌರವದಿಂದ ಮುಟ್ಟಬೇಕು ಎಂಬ ಭಾವನೆ ಅದರಲ್ಲಿದೆ.

ಉಳಿಸಿಕೊಳ್ಳಬೇಕಾದ ಸಾಮಾನೂ ಬೇಕಾದಷ್ಟಿದೆ. ಗೋಡೆಯ ನಯವಾದ ಫೈಬರ್ ಹಲಗೆಗಳು ಒಂದು ಒರೆತಕ್ಕೆ ಶುಚಿಯಾಗುತ್ತವೆ. ಗ್ಲೂಕೋಸ್ ಬಾಟಲಿ ತೂಗುಹಾಕುತ್ತಿದ್ದ ಕೊಕ್ಕೆಗೆ ಈಗ ಲಾಂದ್ರ ಬರುತ್ತದೆ. ರೋಗಿಯ ಜತೆಯವರು ಕೂರುತ್ತಿದ್ದ ಉದ್ದನೆ ಬೆಂಚಿನಡಿ ಬಟ್ಟೆಬರೆ ಹಿಡಿಸುತ್ತದೆ. ಆಕ್ಸಿಜನ್ ಸಿಲಿಂಡರುಗಳನ್ನು ಮಾತ್ರ ಮೊದಲ ದಿನವೇ ಸರಬರಾಜುದಾರರಿಗೆ ಹಿಂದಿರುಗಿಸಿ. ಎಣ್ಣೆ, ಗ್ರೀಸು ತಾಗಿದರೆ ಆಮ್ಲಜನಕ ಬೆಂಕಿಗೆ ದಾರಿ. ಅಡುಗೆಗೆ ಐದು ಕೆ.ಜಿ.ಯ ಸಣ್ಣ ಗ್ಯಾಸ್ ಸಿಲಿಂಡರ್ ಸಾಕು, ಆದರೆ ಅದನ್ನಿಡುವ ಗೂಡಿನ ತಳದಲ್ಲಿ ಹೊರಕ್ಕೆ ಕಿಂಡಿ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ, ಮಲಗಿದವರ ಮೂಗಿನ ಮಟ್ಟದಲ್ಲೇ ಶೇಖರವಾಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ಆಸೆಯಿಂದ ಮಾಡಬಾರದು, ಕಾಗದದ ಮೇಲೆ ಮಾಡಬೇಕು. 12.8 ವೋಲ್ಟಿನ 100 ಆಂಪಿಯರ್–ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವಾಟ್–ಅವರ್ ಇರುತ್ತದೆ. 45 ವಾಟಿನ ಸಣ್ಣ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೂ 540 ಹೋಯಿತು. 20 ವಾಟಿನ ಎರಡು ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 320. ದೀಪ, ಫೋನು ಸೇರಿದರೆ ಸಾವಿರದ ಹತ್ತಿರ. ಮಾಡಿನ ಮೇಲೆ 200 ವಾಟಿನ ಸೌರ ಫಲಕ ಇಟ್ಟರೆ ಮಾಗಡಿಯ ಬಿಸಿಲಿನಲ್ಲಿ ಒಳ್ಳೆಯ ದಿನ 800ರವರೆಗೆ ಬಂದೀತು. ಆಷಾಢದ ಆಗುಂಬೆಯಲ್ಲಿ ಅದನ್ನು ಮರೆತುಬಿಡಿ. ಉಳಿದದ್ದು ಗಾಡಿ ಓಡುವಾಗ ಆಲ್ಟರ್ನೇಟರಿನಿಂದ, ನಡುವೆ ಡಿಸಿ–ಡಿಸಿ ಚಾರ್ಜರ್ ಇಟ್ಟು ತುಂಬಿಕೊಳ್ಳಬೇಕು. ನಿಂತ ಗಾಡಿಯಲ್ಲಿ ರಾತ್ರಿಯಿಡೀ ಎ.ಸಿ. ಬೇಕೆನ್ನುವವರು ಹೋಟೆಲಿನಲ್ಲಿ ಕೋಣೆ ಹಿಡಿಯುವುದೇ ವಾಸಿ. ಹಳೆ ಸೈರನ್, ದೀಪಗಳಿಗೆಂದು ಎಳೆದ ತಂತಿಗಳನ್ನು ತುದಿ ಕತ್ತರಿಸಿ ಬಿಡಬೇಡಿ, ಫ್ಯೂಸಿನ ತನಕ ಹುಡುಕಿ ಪೂರ್ತಿ ಹೊರತೆಗೆಸಿ. ಯಾರೂ ಬಳಸದ ತಂತಿಯಿಂದಲೂ ಹಳೆ ಗಾಡಿ ಹೊತ್ತಿಕೊಳ್ಳಬಹುದು.

ಕಪಾಟಿನ ಹಿಡಿಗಳಿಗಾಗಿ ಚನ್ನಪಟ್ಟಣಕ್ಕೆ ಹೋದೆವು. ಸ್ಟೀಲ್ ಹಿಡಿ ಎಲ್ಲಿ ಬೇಕಾದರೂ ಸಿಗುತ್ತಿತ್ತು, ಆದರೆ ಈ ಗಾಡಿ ಸಿದ್ಧವಾದದ್ದು ಇಲ್ಲಿ ಎಂಬ ಗುರುತು ಒಳಗೆ ಇರಲಿ ಅನ್ನಿಸಿತು. ಲೇತಿನ ಮುಂದೆ ಕೂತ ಭಾಯ್ ಹಾಲೆ ಮರದ ತುಂಡನ್ನು ಸಿಕ್ಕಿಸಿ ತಿರುಗಲು ಬಿಟ್ಟು, ಉಳಿಯನ್ನು ಆನಿಸಿದರು. ಬೆಳ್ಳಗಿನ ಸುರುಳಿ ಸುರುಳಿ ಹೊಟ್ಟು ಮಡಿಲಿಗೆ ಬಿತ್ತು. ಹಿಡಿಯ ದುಂಡು ಬಂದ ಮೇಲೆ ಅರಗಿನ ಕಡ್ಡಿ ಒತ್ತಿದರು. ಬೆಂಕಿ ಇಲ್ಲ, ಒಲೆ ಇಲ್ಲ. ತಿರುಗುವ ಮರದ ತಿಕ್ಕಾಟಕ್ಕೇ ಅರಗು ಕರಗಿ ಹಳದಿ ಬಣ್ಣ ಸುತ್ತ ಹರಡಿತು. ಕೊನೆಗೆ ಒಣಗಿದ ತಾಳೆಗರಿ ಒತ್ತಿ ಹಿಡಿದಾಗ ಮುಖ ಕಾಣುವಂಥ ಹೊಳಪು. "ಎಲ್ಲಿಗೆ ಹಾಕ್ತೀರ?" ಎಂದು ಕೇಳಿದರು. ಹೇಳಿದೆ. "ಹಂಗಾದ್ರೆ ಒಂದು ಮಾತು ಸಾರ್. ಆಸ್ಪತ್ರೆ ಅಭ್ಯಾಸಕ್ಕೆ ಸ್ಪಿರಿಟ್ ಹಾಕಿ ಒರೆಸಬೇಡಿ, ಬಣ್ಣ ಎದ್ದೋಗುತ್ತೆ. ಒಣ ಬಟ್ಟೆ ಸಾಕು." ಅರಗು ನೀರಿಗೆ ಜಗ್ಗದು, ಮದ್ಯಸಾರಕ್ಕೆ ಕರಗುತ್ತದೆ. ಸ್ಯಾನಿಟೈಸರ್ ಬಾಟಲಿ ಈಗ ಡ್ರೈವರ್ ಬಾಗಿಲಿನಲ್ಲಿದೆ, ಕಪಾಟಿನಿಂದ ದೂರ.

ನಿರ್ವಹಣೆಯ ವಿಷಯದಲ್ಲಿ ಆಂಬುಲೆನ್ಸಿನ ಮೀಟರು ಪೂರ್ತಿ ಕತೆ ಹೇಳುವುದಿಲ್ಲ. ಎ.ಸಿ.ಗಾಗಿ, ಉಪಕರಣಗಳಿಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಎಂಜಿನ್ ಆರಿಸದೆ ನಿಂತ ಗಂಟೆಗಳು ಕಿಲೋಮೀಟರಿನಲ್ಲಿ ಬರುವುದಿಲ್ಲ. ಒಂದು ಗಂಟೆ ನಿಂತಲ್ಲೇ ಓಡಿದ್ದನ್ನು ನಮ್ಮ ಮೆಕ್ಯಾನಿಕ್ ನಲವತ್ತು–ಐವತ್ತು ಕಿ.ಮೀ. ಎಂದು ಹಿಡಿಯುತ್ತಾರೆ. ಅದಕ್ಕೇ ಕೊಂಡ ಕೂಡಲೇ ಆಯಿಲ್, ಎಲ್ಲ ಫಿಲ್ಟರು, ಕೂಲೆಂಟ್, ಬ್ರೇಕ್ ಆಯಿಲ್, ಬೆಲ್ಟುಗಳನ್ನು ಬದಲಿಸಿ. ಹಳೆಯ ಮಾಲೀಕರು ಮೊನ್ನೆ ತಾನೇ ಹಾಕಿಸಿದೆವು ಎಂದರೂ ಬದಲಿಸಿ. 2020ರ ನಂತರದ ಬಿಎಸ್–6 ಗಾಡಿಯಾದರೆ ಹೊಗೆ ಶೋಧಿಸುವ ಡಿಪಿಎಫ್ ಮಸಿ ಕಟ್ಟಿದೆಯೇ ಎಂದು ಸ್ಕ್ಯಾನರ್ ಹಾಕಿಸಿ ನೋಡಬೇಕು. ನಿಂತಲ್ಲೇ ಓಡಿದ ಎಂಜಿನ್ನಿಗೆ ಅದೇ ಮೊದಲ ಕಾಯಿಲೆ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಟೈರಿನ ಗೀರು ಆಳವಾಗಿದ್ದರೂ ರಬ್ಬರು ಮುದಿಯಾಗಿದ್ದರೆ ಘಾಟಿಯಲ್ಲಿ ನಂಬುವಂತಿಲ್ಲ.

ತೂಕವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಂಚ, ಕಪಾಟು, ನೂರು ಲೀಟರ್ ನೀರು ಎಂದರೆ ನೀರೇ ನೂರು ಕೆ.ಜಿ. ಎಲ್ಲ ತುಂಬಿದ ಮೇಲೆ ವೇಬ್ರಿಡ್ಜಿಗೆ ಹೋಗಿ, ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಬೇರೆಬೇರೆಯಾಗಿ ತೂಗಿಸಿ, ಆರ್‌ಸಿಯ ಮಿತಿಗೆ ಹೋಲಿಸಿ ನೋಡಿ. ಹೆಚ್ಚಿದ್ದರೆ ಸಾಮಾನು ಇಳಿಸಿ. ಕಮಾನು ಪಟ್ಟಿ ಸೇರಿಸಿದರೆ ಗಾಡಿ ಎತ್ತರ ನಿಲ್ಲುತ್ತದೆ, ಬ್ರೇಕಿನ ಶಕ್ತಿ ಹೆಚ್ಚುವುದಿಲ್ಲ. ಚಾರ್ಮಾಡಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆ ಡ್ರೈವರುಗಳ ಮಾತು ಈ ಗಾಡಿಗೆಂದೇ ಹೇಳಿದಂತಿದೆ.

ಆಂಬುಲೆನ್ಸಿನಿಂದ ನಾನು ಕಲಿತ ಒಳ್ಳೆಯ ಅಭ್ಯಾಸ ಪಾಳಿ ತಪಾಸಣೆ. ಪಾಳಿ ಬದಲಾಗುವಾಗ ಡ್ರೈವರು ಡೀಸೆಲ್, ಗಾಳಿ, ನೀರು, ದೀಪ, ಬ್ರೇಕು ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾನೆ. ನರ್ಸು ಔಷಧಿ, ಸಿಲಿಂಡರಿನ ಒತ್ತಡ ನೋಡುತ್ತಾರೆ. ಕರೆ ಬಂದ ಮೇಲೆ ನೋಡಿಕೊಳ್ಳೋಣ ಎನ್ನುವ ಪದ್ಧತಿಯೇ ಇಲ್ಲ. ನಮ್ಮ ಗಾಡಿಯ ಕೈಪೆಟ್ಟಿಗೆಯಲ್ಲಿ ಹಿಂದಿನ ಡ್ರೈವರ್ ಬರೆದ ಅಂಥದ್ದೊಂದು ಪುಸ್ತಕ ಸಿಕ್ಕಿತು. ರೋಗಿಗಳ ವಿವರ ಅದರಲ್ಲಿರಲಿಲ್ಲ, ಗಾಡಿಯದಷ್ಟೇ ಇತ್ತು: "ಎಡ ಹಿಂದಿನ ಟೈರ್ ಗಾಳಿ ಕಡಿಮೆ, ಹಿಡಿಸಿದೆ." "ವೈಪರ್ ಬದಲು." ಪುಟಗಟ್ಟಲೆ ಅದೇ ಅಕ್ಷರ, ಅದೇ ಸಹಿ. ಅವರು ಯಾರೋ ನನಗೆ ಗೊತ್ತಿಲ್ಲ. ಗಾಡಿ ಇಷ್ಟು ಚೆನ್ನಾಗಿ ಉಳಿದದ್ದಕ್ಕೆ ಅವರಿಗೆ ಋಣಿ. ಉಳಿದ ಹಾಳೆಗಳಲ್ಲಿ ಈಗ ನಾನೂ ನನ್ನ ತಮ್ಮನೂ ಬರೆಯುತ್ತೇವೆ.

ಹೋಗಲು ಜಾಗಕ್ಕೇನು ಕೊರತೆ! ಕೆಂಗಲ್ಲಿನಿಂದ ಹೊರಟರೆ ಕಣ್ವ ಜಲಾಶಯದ ಕಡೆ, ಮಾಗಡಿಯಲ್ಲಿ ಸಾವನದುರ್ಗ, ಕನಕಪುರದ ಕಡೆ ಕಬ್ಬಾಳು, ಇನ್ನೂ ಕೆಳಗೆ ಸಂಗಮ. ಆದರೆ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಭಾರದ ಗಾಡಿ ಇದು. ಹೊಳೆಯ ಮರಳಿಗೆ ಇಳಿಸಿದರೆ ಟ್ರ್ಯಾಕ್ಟರ್ ಬಂದೇ ಎಳೆಯಬೇಕು. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಸಂಗಮದ ಸುತ್ತ ಕಾವೇರಿ ವನ್ಯಧಾಮ. ಗಾಡಿಯೊಳಗೇ ಮಲಗುತ್ತೇವೆ ಎಂದ ಮಾತ್ರಕ್ಕೆ ಕಾಡಿನಲ್ಲಿ ರಾತ್ರಿ ತಂಗಲು ಯಾರಿಗೂ ಹಕ್ಕಿಲ್ಲ. ನಾವು ಕೇಳಿಕೊಂಡು ತಂಗುತ್ತೇವೆ: ಪರಿಚಯದವರ ತೋಟ, ಹೋಂಸ್ಟೇ ಅಂಗಳ, ಪೆಟ್ರೋಲ್ ಬಂಕು. ಬಳಸಿದ ನೀರನ್ನು ಡಬ್ಬಿಯಲ್ಲಿ ಹಿಡಿದು ಚರಂಡಿ ಇರುವಲ್ಲೇ ಚೆಲ್ಲುತ್ತೇವೆ.

ಬಣ್ಣ ಬದಲಾಗಿ, ಅಕ್ಷರ ಅಳಿಸಿ, ಬಿಳಿ ಬೋರ್ಡ್ ಬಂದರೂ ಒಂದು ಮಾತ್ರ ಹೋಗಿಲ್ಲ. ಎತ್ತರದ ಮಾಡು, ಹಿಂದಿನ ಬಾಗಿಲು, ಪಕ್ಕದ ಮಂಜುಗಾಜು ನೋಡಿ ಜನ ಇನ್ನೂ ಕೈ ಅಡ್ಡ ಹಾಕುತ್ತಾರೆ. ಹಳೆ ರಸ್ತೆಯಲ್ಲಿ ಸಂಜೆ ಹೊತ್ತು ಬೈಕಿನಿಂದ ಬಿದ್ದವನೊಬ್ಬನ ಪಕ್ಕ ನಿಂತಿದ್ದ ನಾಲ್ಕು ಜನ ನಮ್ಮ ಗಾಡಿ ನೋಡಿ ಓಡಿ ಬಂದರು. ಅಂಥ ಹೊತ್ತಿನಲ್ಲಿ ಇದು ಆಂಬುಲೆನ್ಸ್ ಅಲ್ಲ ಎಂದು ಹೇಳಿ ಮುಂದೆ ಹೋಗಲು ಸಾಧ್ಯವೇ? ಹಾಗೆಂದು ಬೆನ್ನುಮೂಳೆಗೆ ಏಟು ಬಿದ್ದವನನ್ನು ತಿಳಿಯದೆ ಎತ್ತಿ ಮಲಗಿಸುವುದೂ ಅಪಾಯ. ತಮ್ಮ 108ಕ್ಕೆ ಫೋನು ಮಾಡಿದ. ನಾನು ಗಾಡಿಯನ್ನು ಹಿಂದೆ ಅಡ್ಡ ನಿಲ್ಲಿಸಿ, ನಾಲ್ಕೂ ದೀಪ ಮಿನುಗಿಸಿ, ರಕ್ತ ಸುರಿಯುತ್ತಿದ್ದ ಮೊಣಕಾಲಿಗೆ ಬಟ್ಟೆ ಒತ್ತಿ ಹಿಡಿದೆ. ಆಂಬುಲೆನ್ಸ್ ಬಂದಾಗ ಅದರ ಸಿಬ್ಬಂದಿ ನಮ್ಮ ಗಾಡಿಯನ್ನೊಮ್ಮೆ ನೋಡಿ ತಮ್ಮ ಕೆಲಸ ನೋಡಿಕೊಂಡರು.

ಅಪಘಾತದಲ್ಲಿ ನೆರವಾದವರನ್ನು ಪೊಲೀಸು, ಕೋರ್ಟು ಎಂದು ಅಲೆದಾಡಿಸದಂತೆ ಸುಪ್ರೀಂ ಕೋರ್ಟ್ 2016ರಲ್ಲೇ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ 134ಎ ಕಲಂ ಅಂಥವರಿಗೆ ರಕ್ಷಣೆ ಕೊಟ್ಟಿದೆ. ಆ ಸಂಜೆಯ ನಂತರ ನಾವಿಬ್ಬರೂ ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿದೆವು. ಮಂಚದಡಿಯ ಗೂಡಿನಲ್ಲಿ ಗ್ಯಾಸು, ತಾಡಪಾಲು, ಹಗ್ಗಗಳ ಮುಂದೆ, ಹಿಂದಿನ ಬಾಗಿಲು ತೆರೆದರೆ ಮೊದಲು ಕೈಗೆ ಸಿಗುವ ಜಾಗದಲ್ಲಿ, ದೊಡ್ಡ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಎರಡು ಪ್ರತಿಫಲಕ ತ್ರಿಕೋನ, ಒಂದು ಬಲವಾದ ಟಾರ್ಚ್ ಇಟ್ಟಿದ್ದೇವೆ. ತಪಾಸಣೆಯ ಪುಸ್ತಕದಲ್ಲಿ ಅವುಗಳಿಗೂ ಒಂದು ಸಾಲು ಸೇರಿದೆ: ಬ್ಯಾಂಡೇಜು, ಗ್ಲೌಸು, ಟಾರ್ಚಿನ ಸೆಲ್ಲು.